ಪ್ರಸಾದ ನಿಲಯದ ಅರ್ಜಿಯಲ್ಲಿ ‘ಒಳಪಂಗಡ’ದ ಕಾಲಂ ಏಕೆ?



ಬೆಂಗಳೂರಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕ ಮಗಳನ್ನು ಕರೆದುಕೊಂಡು ಕಳೆದ ವರ್ಷ ಹೆತ್ತೂರಿನಿಂದ ಹೊರಟು ಮೆಜೆಸ್ಟಿಕ್‌ನಲ್ಲಿ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಹಾಸಿಗೆಯ ಸುರುಳಿಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯಿಂದ ನಮ್ಮೂರ ಮಳೆನೀರು ಇಳಿಯುತ್ತಲೇ ಇತ್ತು. ವಿಶ್ವವಿದ್ಯಾಲಯದ ಹಾಸ್ಟೆಲ್ ಪಟ್ಟಿ ಬರಲು ಇನ್ನೊಂದು ತಿಂಗಳು ಬೇಕು. ತರಗತಿಗಳು ಮಾತ್ರ ಸೋಮವಾರದಿಂದಲೇ ಶುರು. ನಮ್ಮ ಸಮಾಜದ್ದೇ ವಿದ್ಯಾರ್ಥಿನಿಯರ ನಿಲಯ ಇದೆಯಲ್ಲ ಎಂಬ ಧೈರ್ಯದಿಂದ ನೇರ ಅಲ್ಲಿಗೆ ಹೋದೆವು. ಕಚೇರಿಯಲ್ಲಿದ್ದವರು ಕೂರಿಸಿ, ನೀರು ಕೊಟ್ಟು, ಸೌಜನ್ಯದಿಂದಲೇ ಕೇಳಿದರು: ‘ಯಜಮಾನ್ರೇ, ನೀವು ಯಾವ ಪೈಕಿ?’

ಲಿಂಗಾಯತರು ಎಂದೆ. ‘ಅದು ಗೊತ್ತು, ಅದರಲ್ಲಿ ಯಾವ ಪೈಕಿ?’

ಅರ್ಜಿಯಲ್ಲೂ ಅದೇ ಕಾಲಂ. ಅದರ ಕೆಳಗೆ ಯಾವ ಮಠದ ಭಕ್ತರು, ಯಾವ ಸ್ವಾಮಿಗಳ ಶಿಫಾರಸು ಪತ್ರ ತಂದಿದ್ದೀರಿ ಎಂಬ ಇನ್ನೆರಡು ಕಾಲಂ. ಮಗಳ ಅಂಕಗಳಿಗೆ ಒಂದೇ ಸಾಲು. ಮನೆಯ ಆದಾಯಕ್ಕೆ ಅದೂ ಇಲ್ಲ. ನಾನು ಒಳಪಂಗಡ ಬರೆಯಲಿಲ್ಲ, ಪತ್ರ ತಂದಿರಲಿಲ್ಲ, ಹಾಸಿಗೆ ಖಾಲಿ ಇಲ್ಲವೆಂದು ತಿಳಿಯಿತು. ‘ಪಿಜಿ ಓದೋಕೆ ಬಂದವರು ಪಿಜಿ ಹುಡುಕಬೇಕು’ ಎಂದು ಮಗಳು ನಕ್ಕಳು. ಆ ವರ್ಷದ ಮೆಣಸಿನ ದುಡ್ಡು ಮುಂಗಡಕ್ಕೇ ಹೋಯಿತು.

ಸಾದರೋ, ನೊಣಬರೋ, ಬಣಜಿಗರೋ ಎಂದು ವಿಂಗಡಿಸಿ ಅನ್ನ ಹಾಕುವುದಾದರೆ ಅದಕ್ಕೆ ಪ್ರಸಾದ ನಿಲಯ ಎಂಬ ಹೆಸರೇಕೆ? ಅಂಗದ ಮೇಲೆ ಲಿಂಗ ಬಂದ ಮೇಲೆ ಹಿಂದಿನ ಕುಲ ಕೇಳಬಾರದೆಂದು ಪ್ರತಿ ಬಸವ ಜಯಂತಿಯಲ್ಲಿ ಭಾಷಣ ಮಾಡುವವರು ನಾವೇ. ಮೈಕು ಇಳಿಸಿದ ಮೇಲೆ ಕೇಳುವವರೂ ನಾವೇ.

ಹಿರಿಯರು ಇದನ್ನು ಕಟ್ಟಿದ್ದು ಹೀಗಲ್ಲ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು 1917ರಲ್ಲಿ ಉಚಿತ ಪ್ರಸಾದ ನಿಲಯ ತೆರೆದದ್ದು ಹಳ್ಳಿಯ ಬಡ ಹುಡುಗರು ಊಟವಿಲ್ಲದೆ ಓದು ಬಿಡಬಾರದೆಂದು. ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನೇ ವಿದ್ಯೆಗೆ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. ವ್ಯಾಪಾರದಲ್ಲಿ ಗಳಿಸಿದ್ದನ್ನು ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರಕ್ಕೂ ವಿದ್ಯಾರ್ಥಿಗಳಿಗೂ ಕೊಟ್ಟರು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಅಲ್ಲಿ ತಂಗಿದ್ದ ಹಳ್ಳಿ ಹುಡುಗನೊಬ್ಬ 1930ರಲ್ಲಿ ಸಿದ್ಧಗಂಗೆಯ ವಿರಕ್ತಾಶ್ರಮ ಸ್ವೀಕರಿಸಿದ. ಆ ಶಿವಕುಮಾರ ಸ್ವಾಮಿಗಳು ಮುಂದೆ ಯಾವ ಜಾತಿ, ಯಾವ ಧರ್ಮವೆಂದು ನೋಡದೆ ಸಾವಿರಾರು ಮಕ್ಕಳನ್ನು ಸಾಕಿದ್ದು ನಾಡಿಗೇ ಗೊತ್ತು. ಪಟ್ಟಣಕ್ಕೆ ಹೊಸದಾಗಿ ಬಂದ ಹುಡುಗನಿಗೆ ಒಂದು ಮೂಲೆ, ಎರಡು ಹೊತ್ತಿನ ಊಟ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ವ್ಯವಸ್ಥಾಪಕರು ಹೇಳುವುದಿಷ್ಟು: ಹಾಸಿಗೆ ಕಡಿಮೆ, ಅರ್ಜಿ ಹೆಚ್ಚು, ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಸರಿ, ಎಳೆಯಿರಿ. ದೂರ ನೋಡಿ, ಆದಾಯ ನೋಡಿ, ಅಂಕ ನೋಡಿ. ಕಾಡಾನೆ ಭಯದಿಂದ ಸಂಜೆ ಹೊರಗೆ ಕಾಲಿಡಲಾಗದ ಊರಿನಿಂದ ಬಂದ ಮಗು ಒಂದು ಕಡೆ, ಮಾವನ ಮನೆ ರಾಜಾಜಿನಗರದಲ್ಲಿರುವ ಮಗು ಇನ್ನೊಂದು ಕಡೆ, ಆರಿಸುವುದು ಕಷ್ಟವೇ? ‘ಸರ್ಕಾರಕ್ಕೆ 3ಬಿ ಪ್ರಮಾಣಪತ್ರ ಕೊಡುವಾಗ ಜಾತಿ ಬರೆಯಲ್ವೇ’ ಎಂದು ಒಬ್ಬರು ನನ್ನನ್ನೇ ಕೇಳಿದರು. ಬರೆಯುತ್ತೇನೆ. ಸರ್ಕಾರ ಮೀಸಲಾತಿಗಾಗಿ ಕೇಳುತ್ತದೆ. ದಾಸೋಹಕ್ಕೆ ಆ ಲೆಕ್ಕ ಏತಕ್ಕೆ?

ತಪ್ಪು ಮಠಗಳದ್ದಷ್ಟೇ ಅಲ್ಲ. ನಮ್ಮ ಮಲೆನಾಡಿನ ತೋಟದವರು ಕಾಫಿಗೆ ಒಳ್ಳೆ ರೇಟು ಬಂದ ವರ್ಷ ಬೆಳ್ಳಿ ರಥಕ್ಕೆ, ಕಲ್ಯಾಣ ಮಂಟಪಕ್ಕೆ ಕೊಡುತ್ತೇವೆ, ಗೋಡೆಯ ಮೇಲೆ ಹೆಸರು ಕೆತ್ತಿಸಿಕೊಳ್ಳುತ್ತೇವೆ. ಹೆಣ್ಣುಮಕ್ಕಳ ನಿಲಯಕ್ಕೆ ಹತ್ತು ಮಂಚ ಕೊಟ್ಟವರು ನಮ್ಮ ಹೋಬಳಿಯಲ್ಲಿ ಎಷ್ಟು ಜನ? ಮುಹೂರ್ತವಿಲ್ಲದ ತಿಂಗಳುಗಳಲ್ಲಿ ಬೀಗ ಹಾಕಿರುವ ಮಂಟಪದ ಕೋಣೆಗಳನ್ನು ಹಾಸ್ಟೆಲ್ ಪಟ್ಟಿ ಬರುವವರೆಗಾದರೂ ತೆರೆದುಕೊಡಿ ಎಂದು ಕೇಳುವ ದಾನಿ ಒಬ್ಬನೂ ಇಲ್ಲ.

ಪೂಜ್ಯರಲ್ಲಿ ಬಿನ್ನಹ ಇಷ್ಟೇ. ಮುಂದಿನ ಪ್ರವೇಶಕ್ಕೆ ಅರ್ಜಿ ಅಚ್ಚು ಹಾಕಿಸುವ ಮೊದಲು ಆ ಮೂರು ಕಾಲಂ ತೆಗೆಸಿ. ಎಷ್ಟು ಹಾಸಿಗೆ, ಯಾರಿಗೆ, ಯಾವ ಆಧಾರದ ಮೇಲೆ ಕೊಟ್ಟಿರಿ ಎಂಬುದನ್ನು ನಿಲಯದ ಬಾಗಿಲಲ್ಲೇ ಬರೆದು ಹಾಕಿಸಿ. ನಮ್ಮೂರ ಕಡೆಯಿಂದ ಮುಂದಿನ ವರ್ಷ ಇನ್ನಿಬ್ಬರು ಹುಡುಗಿಯರು ಹೊರಡುವವರಿದ್ದಾರೆ. ಅವರ ಅಪ್ಪಂದಿರು ಈಗಲೇ ನನ್ನ ಬಳಿ ವಿಳಾಸ ಕೇಳುತ್ತಿದ್ದಾರೆ.