ಹದ್ದಿಗೆ ವಿಷ ಬೇಡ, ಮರಿಗೆ ಮಂಕರಿ ಇರಲಿ



ಮಾವು ಹೂ ಬಿಡುವ ಕಾಲಕ್ಕೆ ರಾಯಲ್ಪಾಡು ಸುತ್ತಿನ ಮನೆಗಳಲ್ಲಿ ಒಂದು ದೂರು ಇದ್ದೇ ಇರುತ್ತದೆ: "ಹತ್ತು ಮರಿ ಎದ್ದಿದ್ದವು, ಹದ್ದಿನ ಪಾಲಾಗಿ ಮೂರು ಉಳಿದವು." ದೂರು ಸುಳ್ಳಲ್ಲ. ಚಳಿಗಾಲದಿಂದ ಬೇಸಿಗೆಯ ಮೊದಲವರೆಗೆ ಹದ್ದು ಗೂಡು ಕಟ್ಟಿ ಮರಿ ಸಾಕುವ ಕಾಲ. ಆಗ ಅದರ ಕಣ್ಣು ನಮ್ಮ ಹಿತ್ತಲ ಮೇಲೆ ಬೀಳುವುದು ಸಹಜ.

ಆದರೆ ಮಾವಿಗೆ ಹೊಡೆದು ಉಳಿದ ಔಷಧಿಯನ್ನು ಸತ್ತ ಮರಿಗೆ ಸವರಿ ತಿಪ್ಪೆಯ ಮೇಲಿಟ್ಟರಾಯಿತು ಎಂದು ಯೋಚಿಸುವವರೂ ಉಂಟು. ಇದು ಕೂಡದು. ಆ ವಿಷವನ್ನು ಹದ್ದೇ ತಿನ್ನಬೇಕೆಂದಿಲ್ಲ. ಮನೆ ನಾಯಿ ತಿಂದೀತು, ನಿಮ್ಮ ಕೋಳಿಯೇ ಕುಕ್ಕೀತು. ಹದ್ದು, ಗಿಡುಗಗಳನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹೊಲದ ಇಲಿ ಹಿಡಿದು ರಾಗಿ, ಕಡಲೆಕಾಯಿ ಉಳಿಸಿಕೊಡುವುದೂ ಇವೇ. ಗರುಡನನ್ನು ಕಂಡರೆ ಕೈ ಮುಗಿಯುವ ನಾವು ಅದರ ಬಳಗಕ್ಕೆ ವಿಷವಿಡುವುದು ಯಾವ ನ್ಯಾಯ?

ಹದ್ದಿನ ತೂಕ ಒಂದು ಕಿಲೋ ಮೀರುವುದು ಅಪರೂಪ. ಗಿಡುಗವಂತೂ ಪಾರಿವಾಳದ ಗಾತ್ರದ್ದು. ಬೆಳೆದ ಕೋಳಿಯನ್ನು ಇವು ಎತ್ತಲಾರವು. ಅಪಾಯವೆಲ್ಲ ಮರಿಯ ಮೊದಲ ಎಂಟು ವಾರ. ಆದ್ದರಿಂದ ವರ್ಷವಿಡೀ ಹದ್ದನ್ನು ಶಪಿಸುವ ಬದಲು ಎರಡು ತಿಂಗಳು ಮರಿಯನ್ನು ಕಾಯಿರಿ.

ಮೊದಲ ವಾರಗಳಲ್ಲಿ ಸಂದುಬಿಟ್ಟು ಹೆಣೆದ ದೊಡ್ಡ ಮಂಕರಿಯನ್ನು ತಾಯಿಮರಿಗಳ ಮೇಲೆ ಕವುಚಿ, ನೆರಳಿನಲ್ಲಿಟ್ಟು, ಒಳಗೆ ನೀರು, ನುಚ್ಚು ಇಡಿ. ಆಮೇಲೆ ಟೊಮೇಟೊಗೆ ಊರೆ ಕೊಟ್ಟ ಹಳೆಯ ನೀಲಗಿರಿ ಕಡ್ಡಿ ನೆಟ್ಟು, ರೇಷ್ಮೆ ಮನೆಯಲ್ಲಿ ಊಜಿ ನೊಣಕ್ಕೆ ಕಟ್ಟಿದ್ದ ಹಳೆಯ ನೈಲಾನ್ ಪರದೆಯನ್ನು ಮೇಲೆ ಹಾಸಿದರೆ ಚಿಕ್ಕ ಅಂಗಳವೇ ಸಿದ್ಧ. ಕೋಳಿ ಕರುಳು, ಸತ್ತ ಮರಿಗಳನ್ನು ತಿಪ್ಪೆಗೆ ಎಸೆಯದೆ ಹೂಳಿ. ಹದ್ದನ್ನು ಮನೆಗೆ ಕರೆಯುವುದೇ ಅದು.

ನಾಟಿ ಹೇಟೆ ಹದ್ದಿನ ನೆರಳು ಕಂಡೊಡನೆ ಕೂಗುತ್ತದೆ, ಮರಿಗಳು ಪೊದೆ ಸೇರುತ್ತವೆ. ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜದಂಥ ತಳಿಯ ಮರಿ ತಂದವರಿಗೆ ಈ ಕಾವಲಿಲ್ಲ. ಅವು ತಾಯಿಯಿಲ್ಲದೆ ಬಂದವು. ಅಂಥವರು ಪರದೆ ಕಟ್ಟಿದ ಮೇಲೆಯೇ ಮರಿ ತರುವುದು ಲೇಸು.

ಕೊನೆಯದಾಗಿ ಒಂದು ಮಾತು. ಹಿತ್ತಲ ಕೋಳಿ ಮನೆಯಾಕೆಯ ಗಂಟು. ಮಗುವಿನ ಪುಸ್ತಕ, ಹಬ್ಬದ ಬಳೆ, ಹೊತ್ತಲ್ಲದ ಹೊತ್ತಿನ ಆಸ್ಪತ್ರೆ ಖರ್ಚು ಅದರಿಂದಲೇ ಹುಟ್ಟುತ್ತದೆ. ಮಾವಿನ ತೋಪಿಗೆ ಸಾವಿರಾರು ರೂಪಾಯಿ ಔಷಧಿ ಹೊಡೆಸುವ ಯಜಮಾನ, ಆಕೆ ಒಂದು ಮಂಕರಿ ಕೇಳಿದರೆ "ಬರುವ ಸಂತೆಗೆ ನೋಡೋಣ" ಎನ್ನುತ್ತಾನೆ. ಮರಿ ಒಯ್ಯುವುದು ಹದ್ದೇ ಇರಬಹುದು; ದಾರಿ ಬಿಟ್ಟುಕೊಟ್ಟವರು ನಾವು. ಈ ಸಂತೆಗೇ ಮಂಕರಿ ತನ್ನಿರಿ.