ಎಮ್ಮೆಯ ಹೆಸರಿನ ಸಾಲ

ಸಂಘದ ಅಕ್ಕಂದಿರೇ,

ವಕೀಲರ ಕಚೇರಿಯಲ್ಲಿ ಕೆಲಸ ಕಲಿಯುವಾಗ ನಾನು ಮಾಡಿದ ಒಂದು ಕೆಲಸವನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನಿಮ್ಮ ಮೇಲೂ ನನಗೆ ಸಿಟ್ಟಿದೆ. ಅದನ್ನೂ ಹೇಳುತ್ತೇನೆ.

ನಾನು ಲೋಕಾಪುರದ ಹುಡುಗಿ. ಮೂರು ವರ್ಷದ ಕಾನೂನು ಪದವಿ ಓದುವವರು ಕನಿಷ್ಠ 12 ವಾರ ಇಂಟರ್ನ್‌ಶಿಪ್ ಮಾಡಬೇಕೆಂದು ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮ ಹೇಳುತ್ತದೆ. ಹಾಗಾಗಿ ತಾಲೂಕು ಕೋರ್ಟಿನ ಹತ್ತಿರದ ಒಂದು ಕಚೇರಿ ಸೇರಿದೆ. ಗಂಡು ಹುಡುಗರನ್ನು ಕೋರ್ಟಿಗೆ ಕರೆದೊಯ್ಯುತ್ತಿದ್ದರು, ನನಗೆ ಝೆರಾಕ್ಸ್ ಮಾಡಿಸುವ ಕೆಲಸ. ಅದು ಇನ್ನೊಮ್ಮೆ ಬರೆಯಬೇಕಾದ ಮಾತು.

ಎರಡನೇ ವಾರ ಒಂದು 498-ಎ ಫೈಲು ನನ್ನ ಕೈಗೆ ಬಂತು. ನಮ್ಮ ಕಚೇರಿ ಗಂಡನ ಪರವಾಗಿತ್ತು. ಮದುವೆಯಾದ ಮೇಲೆ ಬೈಕಿಗೆಂದು ಅಳಿಯ 40 ಸಾವಿರ ಕೇಳಿದ, ಹುಡುಗಿಯ ತಾಯಿ ಸಂಘದಲ್ಲಿ ಸಾಲ ತೆಗೆದು ಕೊಟ್ಟಳು, ಹೊಡೆತ ಮಾತ್ರ ನಿಲ್ಲಲಿಲ್ಲ. ದೂರಿನಲ್ಲಿದ್ದದ್ದು ಇಷ್ಟು. ಸಾಲಕ್ಕೆ ಪುರಾವೆಯೆಂದು ಪೊಲೀಸರು ಸಂಘದ ಪುಸ್ತಕದ ನಕಲು ಹಚ್ಚಿದ್ದರು. "ಓದಿ ನೋಡವಾ, ಏನರ ಸಿಗತೈತೇನು" ಎಂದರು ವಕೀಲರು. ಓದಿದೆ. ಸಾಲದ ಉದ್ದೇಶ ಎಂಬಲ್ಲಿ "ಎಮ್ಮೆ ಖರೀದಿ" ಎಂದಿತ್ತು. ಅದರ ಕೆಳಗೆ ಕೆಂಪು ಗೆರೆ ಎಳೆದು ನಾನೇ ಕೊಟ್ಟೆ. ಶಾಬಾಸ್ ಎಂದರು. ನನಗೂ ಆ ಕ್ಷಣ ಹಿಗ್ಗಾಯಿತು, ಸುಳ್ಳು ಯಾಕೆ ಹೇಳಲಿ?

ಪಾಟೀಸವಾಲಿನ ದಿನ ನನ್ನನ್ನೂ ಕರೆದೊಯ್ದರು. ಕಟಕಟೆಯಲ್ಲಿ ಆ ತಾಯಿ.

"ಸಾಲಾ ಯಾತಕ್ಕ ತಗೊಂಡಿರಿ?"

"ಅಳಿಯಾಗ ಬೈಕ ಕೊಡಸಾಕ್ರಿ."

"ಪುಸ್ತಕದಾಗ ಎಮ್ಮಿ ಖರೀದಿ ಅಂತ ಐತಿ. ಹೆಬ್ಬಟ್ಟು ನಿಮ್ದ ಐತಿ. ಪುಸ್ತಕ ಸುಳ್ಳೋ, ನೀವು ಸುಳ್ಳೋ? ಎಮ್ಮಿ ಎಲ್ಲೈತಿ?"

ಹಿಂದೆ ಕೂತವರು ನಕ್ಕರು. ಆಕೆ ಸೆರಗು ಬಾಯಿಗೆ ಹಿಡಿದು ಸುಮ್ಮನೆ ನಿಂತಳು. ಮುಂದೆ ಸಂಶಯದ ಲಾಭ ಆರೋಪಿಗೆ ಸಿಕ್ಕಿತು, ಬಿಡುಗಡೆಯಾಯಿತು.

"ಹೆಣ್ಮಕ್ಕಳ ಇಂಥಾ ಸುಳ್ಳ ಕೇಸಿನಿಂದನ ಕಾನೂನು ಕೆಟ್ಟೈತಿ" ಎಂದು ಕಚೇರಿಯಲ್ಲಿ ಮಾತಾಯಿತು. ಈ ಮಾತು ಊರೆಲ್ಲ ಕೇಳುತ್ತೇವೆ. ಸುಳ್ಳು ಇದ್ದದ್ದು ನಿಜ, ಆದರೆ ಅದು ದೂರಿನಲ್ಲಿರಲಿಲ್ಲ, ಪುಸ್ತಕದಲ್ಲಿತ್ತು. ನನಗೆ ಗೊತ್ತು, ಯಾಕೆಂದರೆ ಹೈಸ್ಕೂಲಿನಲ್ಲಿದ್ದಾಗ ನಮ್ಮವ್ವನ ಸಂಘದ ಪುಸ್ತಕ ಬರೆಯುತ್ತಿದ್ದವಳು ನಾನೇ. ಹೊಲಿಗೆ ಯಂತ್ರ, ಕಿರಾಣಿ ಅಂಗಡಿ, ಎಮ್ಮೆ ಎಂದು ಅವರು ಹೇಳಿದ್ದನ್ನು ಬರೆದೆ. ನಾನು ಬರೆದ ಎಮ್ಮೆಗಳೆಲ್ಲ ನಿಜವಾಗಿ ಬಂದಿದ್ದರೆ ನಮ್ಮ ಓಣಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ! ಹಣ ಯಾರ ಮನೆಗೆ ಹೋಗುತ್ತದೆಂದು ಸಾಲಾಗಿ ಕೂತ ಎಲ್ಲರಿಗೂ ಗೊತ್ತಿರುತ್ತಿತ್ತು.

ಸ್ತ್ರೀಶಕ್ತಿ ಯೋಜನೆ ನಮ್ಮ ರಾಜ್ಯದಲ್ಲಿ ಶುರುವಾದದ್ದು 2000-01ರಲ್ಲಿ. ಹೆಣ್ಣು ತನ್ನ ಕಾಲ ಮೇಲೆ ನಿಲ್ಲಲಿ ಎಂದು ಕಟ್ಟಿದ ಸಂಘ ಅಳಿಯಂದಿರ ಬ್ಯಾಂಕಾದರೆ ಅದನ್ನು ಯಾವ ಬಾಯಿಂದ ಸಬಲೀಕರಣ ಎನ್ನೋಣ? ಕಬ್ಬಿನ ಹೊಲದಲ್ಲಿ ಬೆನ್ನು ಬಾಗಿಸಿ ವಾರಕ್ಕಿಷ್ಟು ಕೂಡಿಸಿದ ದುಡ್ಡದು.

ಸುಳ್ಳು ಬರೆಸುವುದು ನಾಚಿಕೆ ಮತ್ತು ಭಯ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ 3ನೇ ಕಲಮಿನಲ್ಲಿ ಕೊಟ್ಟವರಿಗೂ, ಕೊಡಲು ನೆರವಾದವರಿಗೂ ಶಿಕ್ಷೆಯಿದೆ ಎಂದು ಯಾರೋ ಹೆದರಿಸಿರುತ್ತಾರೆ. ಅದು ನಿಜವೇ. ಆದರೆ ಅನ್ಯಾಯಕ್ಕೊಳಗಾದವರು ಕೊಟ್ಟ ಹೇಳಿಕೆಯ ಕಾರಣಕ್ಕೆ ಅವರ ಮೇಲೆಯೇ ಈ ಕಾಯಿದೆಯಡಿ ಮೊಕದ್ದಮೆ ಹೂಡುವಂತಿಲ್ಲ ಎಂದು 7ನೇ ಕಲಮು ಹೇಳುತ್ತದೆ. ಅದನ್ನು ಯಾರೂ ಹೇಳುವುದಿಲ್ಲ. 4ನೇ ಕಲಮಿನ ಪ್ರಕಾರ ಬಾಯಿಬಿಟ್ಟು ಕೇಳಿದರೇ ಅಪರಾಧ. ಅಂದರೆ ದುಡ್ಡು ಕೊಟ್ಟು ಪುರಾವೆ ಹುಟ್ಟಿಸಬೇಕಾಗಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ವರದಕ್ಷಿಣೆಗೆ, ಅದಕ್ಕೆ ಎಂಥ ಚೆಂದದ ಹೆಸರಿಟ್ಟರೂ, ಸಂಘ ಒಂದು ರೂಪಾಯಿ ಸಾಲ ಕೊಡಕೂಡದು. ಸಾಲ ಕೇಳಿ ಬಂದ ತಾಯಿಯನ್ನು ಬರಿಗೈಲಿ ಕಳಿಸಲೂ ಕೂಡದು. ಯಾರು ಕೇಳಿದರು, ಯಾವತ್ತು, ಎಷ್ಟು, ಯಾರೆದುರು ಎಂದು ಠರಾವು ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಹುಡುಗಿ ಒಪ್ಪಿದರೆ ಅದರ ನಕಲನ್ನು ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಕೊಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಡಿ ಸಂರಕ್ಷಣಾಧಿಕಾರಿ ಅವರೇ. ವರದಕ್ಷಿಣೆಗಾಗಿ ಪೀಡಿಸುವುದೂ ಆ ಕಾಯಿದೆಯಲ್ಲಿ ದೌರ್ಜನ್ಯ, ಗಂಡನ ಮನೆಯಲ್ಲೇ ಇರುವ ಹಕ್ಕೂ ಅದರಲ್ಲಿದೆ. ವಕೀಲರ ಫೀಗೆ ಹೆದರಬೇಡಿ. ಹೆಣ್ಣಿಗೆ ಆದಾಯ ಎಷ್ಟೇ ಇರಲಿ, 1987ರ ಕಾಯಿದೆಯಂತೆ ಕಾನೂನು ನೆರವು ಉಚಿತ. 15100ಕ್ಕೆ ಫೋನು ಮಾಡಿ. 498-ಎ ಹೋಯಿತಂತೆ ಎನ್ನುವವರಿಗೆ ಹೇಳಿ, 2024ರ ಜುಲೈ 1ರಿಂದ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಲ್ಲಿದೆ.

"ಸಾಲಾ ಕೊಡದಿದ್ರ ಹುಡುಗಿನ್ನ ತವರಿಗೆ ಅಟ್ಟತಾರಲ್ಲ?" ಎಂದು ನಮ್ಮವ್ವ ಕೇಳಿದಳು. ಅಟ್ಟಬಹುದು. ಸಾಲ ಕೊಟ್ಟ ಮೇಲೂ ಆ ಹುಡುಗಿಯನ್ನು ಅಟ್ಟಿದರಲ್ಲ? ಆಕೆಯ ತಾಯಿ ಇವತ್ತಿಗೂ ಇಲ್ಲದ ಎಮ್ಮೆಯ ಕಂತು ಕಟ್ಟುತ್ತಿದ್ದಾಳೆ.

ಹೋದ ತಿಂಗಳು ನಮ್ಮವ್ವನ ಸಂಘದಲ್ಲಿ ಈ ಠರಾವು ಮಂಡಿಸಿದೆವು. ಎರಡು ತಾಸು ಜಗಳವಾಯಿತು. ಇಬ್ಬರು ತಮ್ಮ ಉಳಿತಾಯ ಕೇಳಿ ಸಂಘ ಬಿಟ್ಟರು, ಅವರ ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದಾರೆ. ಉಳಿದವರು ಸಹಿ ಹಾಕಿದರು.