'ಸೆಲ್ಫ್ ಹೋಗಿದೆ' ಅನ್ನೋದು ಕಾಯಿಲೆಯ ಹೆಸರಲ್ಲ ಮಾರಾಯ್ರೆ!

ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಬರಹ. ಹಳೇ ಬೈಕಿನ ಸಹವಾಸ ಇಲ್ಲದವರೂ ಓದಬಹುದು. ಯಾಕಂದ್ರೆ ಇಂಥಾ ರಿಪೇರಿ ಮಿಕ್ಸಿಗೂ ಆಗುತ್ತೆ, ಪಂಪ್‌ಸೆಟ್ಟಿಗೂ ಆಗುತ್ತೆ.

ಮೇಳಿಗೆಯ ನಮ್ಮ ಮನೆಯಲ್ಲಿ 1974ರ ಒಂದು ಜಪಾನ್ ಬೈಕಿದೆ. ಎರಡು ಸಿಲಿಂಡರ್, 12 ವೋಲ್ಟ್, ಕಿಕ್ಕೂ ಇದೆ, ಸೆಲ್ಫೂ ಇದೆ. ದೊಡ್ಡಪ್ಪ ಬೊಂಬಾಯಿಂದ ತಂದಿದ್ದು, ಈಗ ಅಪ್ಪಯ್ಯನದ್ದು. ಅಪ್ಪಯ್ಯನಿಗೆ 72 ವರ್ಷ, ಬಲಗಾಲಿನ ಮಂಡಿಗೆ ಆಪರೇಶನ್ ಆಗಿದೆ. ಕಿಕ್ ಹೊಡೆಯೋ ಹಾಗಿಲ್ಲ. ಅಂದ್ರೆ ಸೆಲ್ಫ್ ಇದ್ದರೆ ತೀರ್ಥಹಳ್ಳಿ ಪೇಟೆ, ಇಲ್ಲದಿದ್ದರೆ ಮನೆ ಜಗಲಿ. ಅಷ್ಟೇ ಲೆಕ್ಕ.

ಕಳೆದ ವರ್ಷ ಗಾಡಿಯನ್ನು ಪೂರ್ತಿ ಬಿಚ್ಚಿಸಿ ಹೊಸದಾಗಿ ಪೇಂಟ್ ಮಾಡಿಸಿದ್ವಿ. ಯಾವ ವರ್ಕ್‌ಶಾಪು ಅಂತ ಹೆಸರು ಬೇಡ. ವಾಪಸ್ ಬಂದಾಗ ಕನ್ನಡಿ ಥರ ಹೊಳೀತಿತ್ತು. ಬಟನ್ ಒತ್ತಿದರೆ ಮಾತ್ರ 'ಟಕ್' ಅಂತ ಒಂದು ಸದ್ದು, ಒಂದು ನರಳಾಟ, ಆಮೇಲೆ ಮೌನ. ಮತ್ತೆ ಒಯ್ದೆ. "ಬ್ಯಾಟರಿ ಹೋಗಿದೆ." ಹೊಸ ಬ್ಯಾಟರಿ ಬಂತು. "ರಿಲೇ ಹೋಗಿದೆ." ಹೊಸ ರಿಲೇ ಬಂತು. "ಮೋಟರೇ ಹೋಗಿದೆ." ಬಿಚ್ಚಿ ರೀವೈಂಡಿಂಗ್ ಆಯ್ತು. ಮೂರು ಬಿಲ್ಲು, ಅದೇ ಟಕ್! ಕೊನೆಗೆ ಬಂದ ಸಲಹೆ ಏನು ಗೊತ್ತಾ? "ಸೆಲ್ಫ್ ತೆಗೆದು ಬಿಸಾಕಿ ಸಾರ್, ಹಳೇ ಗಾಡಿಗೆ ಕಿಕ್ಕೇ ಚಂದ."

ಹಳೇ ಬೈಕಿನ ಗೆಳೆಯರೂ ಇದಕ್ಕೆ ತಲೆ ಆಡಿಸಿದ್ರು. ನಮ್ಮ ಮೈಸೂರಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳಿಗೆ ಸೆಲ್ಫ್ ಎಲ್ಲಿತ್ತು? ಕಿಕ್ ಲಿವರನ್ನೇ ಮಡಚಿದರೆ ಗೇರ್ ಲಿವರ್! ಒಪ್ಪಿದೆ. ಆದರೆ ಹೋಂಡಾ ಸಿಬಿ750 ಬಟನ್ ಹೊತ್ತುಕೊಂಡೇ ಬಂದಿದ್ದು 1969ರಲ್ಲಿ. ಸೆಲ್ಫ್ ಅನ್ನೋದೂ ಹಳೇ ಗಾಡಿಯ ಮೂಲ ಅಂಗವೇ. ಕಾಲು ಗಟ್ಟಿ ಇದ್ದವರ ಶೋಕಿಗೆ ಅಪ್ಪಯ್ಯ ಯಾಕೆ ಜಗಲಿ ಮೇಲೆ ಕೂರಬೇಕು?

ಸಿಟ್ಟಿಂದ ಒಂದು ಮಲ್ಟಿಮೀಟರ್ ತಂದೆ. ಬಟನ್ ಒತ್ತಿದಾಗ ಗಾಡಿ ತಾನೇ ಮಾತಾಡುತ್ತೆ, ಕೇಳೋ ಕಿವಿ ಬೇಕು. ಏನೂ ಸದ್ದಿಲ್ಲ ಅಂದ್ರೆ ಫ್ಯೂಸು, ಬಟನ್ನು, ರಿಲೇಗೆ ಹೋಗೋ ಸಣ್ಣ ವೈರು ನೋಡಿ. 'ಟಕ ಟಕ ಟಕ' ಅಂದ್ರೆ ಹೆಚ್ಚಾಗಿ ಬ್ಯಾಟರಿಯಲ್ಲಿ ದಮ್ಮಿಲ್ಲ. ಮೋಟರ್ 'ಗುಯ್ಯ್' ಅಂತ ತಿರುಗಿ ಇಂಜಿನ್ ಮಾತ್ರ ತಿರುಗದಿದ್ದರೆ ಒಂದೇ ಕಡೆ ಹಿಡಿಯೋ ಸ್ಟಾರ್ಟರ್ ಕ್ಲಚ್ ಜಾರ್ತಾ ಇದೆ. ಒಂದೇ 'ಟಕ್' ಅಂದ್ರೆ ರಿಲೇ ಕೆಲಸ ಮಾಡಿದೆ, ಕರೆಂಟು ದಾರಿಯಲ್ಲೆಲ್ಲೋ ಸಿಕ್ಕಿಬಿದ್ದಿದೆ, ಇಲ್ಲಾ ಮೋಟರೇ ಜಾಮ್ ಆಗಿದೆ.

ನಮ್ಮದು ಕೊನೆಯ ಜಾತಿ. ಗಾಡಿ ನ್ಯೂಟ್ರಲ್‌ಗೆ ಹಾಕಿ ಅಳೆದೆ. ಸುಮ್ಮನಿದ್ದಾಗ ಬ್ಯಾಟರಿ 12.6 ವೋಲ್ಟ್. ತಮ್ಮನಿಗೆ ಬಟನ್ ಒತ್ತು ಅಂದೆ. ಆಗಲೂ 11.4! 10ರ ಕೆಳಗೆ ಬಿದ್ದಿದ್ದರೆ ಬ್ಯಾಟರಿಯನ್ನು ಬೈಯಬಹುದಿತ್ತು. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ ಮೈಗೆ. ಮತ್ತೆ ಒತ್ತಿಸಿದೆ. ಅಲ್ಲಿ 0.2, ಹೆಚ್ಚೆಂದರೆ 0.3 ವೋಲ್ಟ್ ಇರಬೇಕು. ಇದ್ದದ್ದು 4!

ಬಿಚ್ಚಿ ನೋಡಿದರೆ ಅರ್ತ್ ವೈರಿನ ಬೋಲ್ಟಿನ ಕೆಳಗೆ ಚಂದದ ಹೊಸ ಪೇಂಟು. ಬೋಲ್ಟಿನ ಹಲ್ಲಲ್ಲಿ ಚೂರುಪಾರು ತಾಗಿಕೊಂಡಿತ್ತು ಅಷ್ಟೆ. ಹೆಡ್‌ಲೈಟಿಗೆ ಅಷ್ಟು ಸಾಕು, ಮೀಟರಿನ 'ಬೀಪ್' ಪರೀಕ್ಷೆಗೂ ಸಾಕು. ಅದಕ್ಕೇ ಎಲ್ಲರೂ 'ಅರ್ತ್ ಸರಿ ಇದೆ' ಅಂದಿದ್ದು. ಆದರೆ ಸ್ಟಾರ್ಟರ್ ಮೋಟರ್ ಎಳೆಯೋದು ಭಾರೀ ಕರೆಂಟು. 100 ಆಂಪಿಯರ್ ಹರಿಯುವಾಗ ಒಂದು ಓಮಿನ 25ರಲ್ಲಿ ಒಂದು ಪಾಲು ಅಡ್ಡಿ ಇದ್ದರೂ 4 ವೋಲ್ಟ್ ಅಲ್ಲೇ ಖರ್ಚು. ಹಾಗಾಗಿ ಭಾರ ಬಿದ್ದಾಗ ಅಳೆಯಬೇಕು, ಸುಮ್ಮನಿದ್ದಾಗ ಅಲ್ಲ.

ಸ್ಯಾಂಡ್ ಪೇಪರಿನಿಂದ ಪೇಂಟ್ ಉಜ್ಜಿದೆ, ಬೋಲ್ಟ್ ಬಿಗಿ ಮಾಡಿದೆ, ಮೇಲೆ ಸ್ವಲ್ಪ ಗ್ರೀಸ್ ಮೆತ್ತಿದೆ. ನಮ್ಮ ಮಳೆಗಾಲಕ್ಕೆ ಕಿಲುಬು ಹಿಡಿಯೋದು ಎಷ್ಟು ಹೊತ್ತು? ಬಟನ್ ಒತ್ತಿದರೆ ಬುರ್ರ್!

ನನ್ನ ತಕರಾರು ಇಷ್ಟೆ. ಹೊಳೆಯೋ ಹಾಗೆ ಮಾಡಿದರೆ ಜೀರ್ಣೋದ್ಧಾರ ಅಲ್ಲ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿರೋ ಗಾಡಿಯನ್ನು 'ವಿಂಟೇಜ್' ಅಂತ ನೋಂದಾಯಿಸಬಹುದು. ಆದರೆ ಹಾಗೆ ಮಾಡಿಸಿದ ಮೇಲೆ ದಿನಾ ರಸ್ತೆಗೆ ಇಳಿಸೋ ಹಾಗಿಲ್ಲ. ನಮಗೆ ಬೇಕಾಗಿದ್ದು ಶೋಕೇಸ್ ಅಲ್ಲ, ಓಡೋ ಗಾಡಿ.

ತಪ್ಪು ಮೆಕ್ಯಾನಿಕ್ಕಿನದು ಮಾತ್ರವಾ? ಅಲ್ಲ. "ಅರ್ಧ ಗಂಟೆ ಪರೀಕ್ಷೆ ಮಾಡಿದೆ, ದುಡ್ಡು ಕೊಡಿ" ಅಂದ್ರೆ ನಾವು ಜಗಳಕ್ಕೆ ನಿಲ್ತೀವಿ. ಹೊಸ ಬ್ಯಾಟರಿ ಡಬ್ಬ ತೋರಿಸಿದರೆ ಮರುಮಾತಿಲ್ಲದೆ ಕೊಡ್ತೀವಿ. ತಲೆಗೆ ಬೆಲೆ ಇಲ್ಲ, ಸಾಮಾನಿಗೆ ಬೆಲೆ. ಅವರೂ ಸಾಮಾನೇ ಮಾರ್ತಾರೆ. ಈಗಂತೂ ಎಷ್ಟೋ ಹೊಸ ಬೈಕುಗಳಲ್ಲಿ ಕಿಕ್ಕೇ ಇಲ್ಲ. ನಾಳೆ ಆಗುಂಬೆ ಮಳೆಯಲ್ಲಿ 'ಟಕ್' ಅಂದ್ರೆ ಏನು ಮಾಡ್ತೀರಿ?

ಅದಕ್ಕೇ ಮುಂದಿನ ಸಲ ಯಾರಾದರೂ "ಅದು ಹೋಗಿದೆ" ಅಂದ್ರೆ ಒಂದೇ ಪ್ರಶ್ನೆ ಕೇಳಿ: "ಅಳೆದಿದೀರಾ?" ಅಳೆದವರಿಗೆ ಅದರ ಕೂಲಿ ಕೊಡಿ, ಚೌಕಾಸಿ ಬೇಡ.

ಅಪ್ಪಯ್ಯ ಬೆಳಿಗ್ಗೆಯೇ ಪೇಟೆಗೆ ಹೋಗಿದಾರೆ. ಇನ್ನೂ ಬಂದಿಲ್ಲ :-)

ಏನಂತೀರಿ?